ಕಿಲಿಮಂಜಾರೋಗೆ ಮುಂಚೆ ಯಾವ ಬೆಟ್ಟ ಹತ್ತಬೇಕು?

ಶಿಖರ ಮುಟ್ಟಿದ್ದು ಬೆಳಗ್ಗೆ ಏಳು ಗಂಟೆಗೆ. ಕಣ್ಣಲ್ಲಿ ನೀರು ಬಂದಿದ್ದು ಮಧ್ಯಾಹ್ನ ಮೂರಕ್ಕೆ, ಇಳಿಯುವಾಗ. ಕಿಲಿಮಂಜಾರೋದ ತುದಿ ಉಹುರು ಪೀಕ್ 5,895 ಮೀಟರ್ ಎತ್ತರದಲ್ಲಿದೆ. ಅಲ್ಲಿಂದ ಅದೇ ದಿನ ಮ್ವೇಕಾ ಕ್ಯಾಂಪಿಗೆ, ಅಂದರೆ ಸುಮಾರು 3,100 ಮೀಟರಿಗೆ ಇಳಿಯಬೇಕು. ಎರಡೂ ಹೆಬ್ಬೆರಳ ಉಗುರು ಶೂಗೆ ಗುದ್ದಿ ಗುದ್ದಿ ನೀಲಿಯಾಗಿದ್ದವು. ಒಂದೊಂದು ಹೆಜ್ಜೆಗೂ ಮೊಣಕಾಲಿನ ಕೆಳಗೆ ಚುಳ್ ಅನ್ನುತ್ತಿತ್ತು. ನಾಲ್ಕು ತಿಂಗಳು ಬೆಟ್ಟ ಹತ್ತಿ ತಯಾರಾಗಿದ್ದೆ. ಆದರೆ ಬರೀ ಹತ್ತುವುದಕ್ಕೆ ತಯಾರಾಗಿದ್ದೆ.

ಈಗ ಸ್ನೇಹಿತರು, ಸ್ನೇಹಿತರ ಸ್ನೇಹಿತರು ಫೋನ್ ಮಾಡಿ ಕೇಳುತ್ತಾರೆ. ಟಾಂಜಾನಿಯಾಕ್ಕೆ ಟಿಕೆಟ್ ಆಗಿದೆ, ಪ್ರತಿ ವಾರ ಎಲ್ಲಿಗೆ ಹೋಗೋಣ? ಸಾವನದುರ್ಗ ಸಾಕಾ? ಕುಮಾರ ಪರ್ವತ ಮಾಡಲೇಬೇಕಾ? ಹಿಮಾಲಯಕ್ಕೂ ಒಂದು ಸಲ ಹೋಗಿ ಬರಬೇಕಾ? ಬೆಂಗಳೂರು, ಮೈಸೂರು ಕಡೆ ಇರುವವರಿಗೆ ಅನುಕೂಲವಾಗಲಿ ಎಂದು ಎಲ್ಲವನ್ನೂ ಒಂದೇ ಕಡೆ ಬರೆಯುತ್ತಿದ್ದೇನೆ.

ಮೊದಲು ಆ ಒಂದು ದಿನದ ಲೆಕ್ಕ

ಕಿಲಿಮಂಜಾರೋದಲ್ಲಿ ಆರೇಳು ದಿನ ನಡೆಯುತ್ತೀರಿ. ಅದರಲ್ಲಿ ಬಹಳಷ್ಟು ದಿನ ನಾಲ್ಕರಿಂದ ಏಳು ಗಂಟೆಯ ನಿಧಾನ ನಡಿಗೆ. ಕಷ್ಟವೆಲ್ಲ ಸೇರಿಕೊಂಡಿರುವುದು ಶಿಖರದ ದಿನದಲ್ಲಿ. ಮಚಾಮೆ, ಲೆಮೋಶೋ ದಾರಿಯಲ್ಲಿ ಹೋಗುವವರು ಬರಾಫು ಕ್ಯಾಂಪಿನಿಂದ ನಡುರಾತ್ರಿ ಹೊರಡುತ್ತಾರೆ. ಬರಾಫು ಇರುವುದು 4,673 ಮೀಟರಿನಲ್ಲಿ. ಅಂದರೆ ಕತ್ತಲಲ್ಲಿ, ಚಳಿಯಲ್ಲಿ, ನಿದ್ದೆಯಿಲ್ಲದೆ 1,200 ಮೀಟರಿಗೂ ಸ್ವಲ್ಪ ಹೆಚ್ಚು ಏರಬೇಕು. ಆಮೇಲೆ ಸುಮಾರು 2,800 ಮೀಟರ್ ಇಳಿಯಬೇಕು.

ಈ ಎರಡು ಅಂಕಿ ನೆನಪಿಟ್ಟುಕೊಳ್ಳಿ. 1,200 ಏರು, 2,800 ಇಳಿತ. ಯಾವ ಬೆಟ್ಟ ಚೆನ್ನಾಗಿದೆ, ಯಾವುದು ಫೋಟೋದಲ್ಲಿ ಚೆಂದ ಬರುತ್ತದೆ ಅನ್ನುವುದೆಲ್ಲ ಆಮೇಲೆ. ಆ ಬೆಟ್ಟ ನಿಮಗೆ ಎಷ್ಟು ಮೀಟರ್ ಏರು ಕೊಡುತ್ತದೆ, ಎಷ್ಟು ಇಳಿತ ಕೊಡುತ್ತದೆ? ಅದನ್ನು ಮೊದಲು ನೋಡಿ. ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನುವ ಬೋರ್ಡು ನೋಡಿ ಮೋಸ ಹೋಗಬೇಡಿ. ಬೆಂಗಳೂರೇ 900 ಮೀಟರ್ ಎತ್ತರದಲ್ಲಿದೆ, ಅಲ್ವಾ? 1,478 ಮೀಟರಿನ ನಂದಿಬೆಟ್ಟದ ಬುಡಕ್ಕೆ ಹೋಗುವಷ್ಟರಲ್ಲಿ ಅರ್ಧಕ್ಕಿಂತ ಜಾಸ್ತಿ ಎತ್ತರ ಕಾರೇ ಹತ್ತಿರುತ್ತದೆ.

ಇನ್ನೊಂದು ಮಾತು. ನಮ್ಮ ರಾಜ್ಯದ ಅತಿ ಎತ್ತರದ ಮುಳ್ಳಯ್ಯನಗಿರಿ 1,930 ಮೀಟರ್. ಅದರ ತುದಿಯಿಂದ ನೇರ ಕಡಲಿಗೆ ಇಳಿದರೂ 2,800 ಮೀಟರ್ ಆಗುವುದಿಲ್ಲ. ಆ ಒಂದು ದಿನದ ಇಳಿತವನ್ನು ಒಂದೇ ಏಟಿಗೆ ಕೊಡುವ ಬೆಟ್ಟ ಕರ್ನಾಟಕದಲ್ಲಿ ಇಲ್ಲ. ಅದಕ್ಕೇ ಒಂದೇ ಬೆಟ್ಟವನ್ನು ಮತ್ತೆ ಮತ್ತೆ ಹತ್ತಿ ಇಳಿಯುವುದನ್ನು ಬಿಟ್ಟು ನಮಗೆ ಬೇರೆ ದಾರಿಯಿಲ್ಲ.

ಪ್ರತಿ ವಾರಕ್ಕೆ: ಚಾಮುಂಡಿ, ನಂದಿ, ಸಾವನದುರ್ಗ, ಶಿವಗಂಗೆ, ಸ್ಕಂದಗಿರಿ

ಮೈಸೂರಿನವರು ಅದೃಷ್ಟವಂತರು. ಚಾಮುಂಡಿ ಬೆಟ್ಟದ ಮೆಟ್ಟಿಲಿನಷ್ಟು ಒಳ್ಳೆಯ ತರಬೇತಿ ಜಾಗ ನನಗೆ ಬೇರೆಲ್ಲೂ ಸಿಕ್ಕಿಲ್ಲ. ಸಾವಿರದ ಚಿಲ್ಲರೆ ಮೆಟ್ಟಿಲು, ಸುಮಾರು 250 ಮೀಟರ್ ಏರು. ಐದು ಸಲ ಹತ್ತಿ ಇಳಿದರೆ ಬರಾಫುವಿನಿಂದ ಉಹುರುವರೆಗಿನ ಏರು ಮುಗಿಯಿತು. ಏಳುನೂರನೇ ಮೆಟ್ಟಿಲ ಆಸುಪಾಸಿನಲ್ಲಿ ದೊಡ್ಡ ನಂದಿ ಸಿಗುತ್ತದೆ. ಅಲ್ಲಿ ನೀರು ಕುಡಿದು ಮುಂದೆ ಹೋಗಬಹುದು. ಮಳೆ ಬಂದರೂ ದಾರಿ ತಪ್ಪುವುದಿಲ್ಲ, ಕಾಲು ತಿರುಚಿದರೆ ಆಟೋ ಸಿಗುತ್ತದೆ, ಅನುಮತಿಯ ತಲೆನೋವಿಲ್ಲ. ಮೇಲೆ ಸಿಟಿ ಬಸ್ ನಿಂತಿರುತ್ತದೆ. ದಯವಿಟ್ಟು ಅದನ್ನು ಹತ್ತಬೇಡಿ. ಇಳಿಯುವುದರಲ್ಲೇ ಅರ್ಧ ತರಬೇತಿ ಇದೆ.

ಅಲ್ಲಿ ಕಂಡ ಒಂದು ದೃಶ್ಯ ಹೇಳಲೇಬೇಕು. ಬೆಳಗ್ಗೆ ಆರು ಗಂಟೆ. ಐವತ್ತು ದಾಟಿದ ಒಬ್ಬರು ಅಮ್ಮ ಪ್ರತಿ ಮೆಟ್ಟಿಲಿಗೂ ಬಗ್ಗಿ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುತ್ತಿದ್ದರು. ಬಗ್ಗುವುದು, ಹಚ್ಚುವುದು, ಏಳುವುದು, ಒಂದು ಹೆಜ್ಜೆ. ಅದೇ ಲಯ, ಒಂದು ಚೂರೂ ಬದಲಾಗದೆ. ನಾನು ಬಿರಬಿರನೆ ಅವರನ್ನು ದಾಟಿಕೊಂಡು ಹೋಗಿ ನಂದಿ ಹತ್ತಿರ ಏದುಸಿರು ಬಿಡುತ್ತಾ ಕೂತಿದ್ದೆ. ಅವರು ಬಂದರು. ಮುಖದಲ್ಲಿ ಬೆವರಿತ್ತು, ಉಸಿರಾಟ ಮಾತ್ರ ಮಾಮೂಲಿ. "ಯಾಕಪ್ಪ, ಸುಸ್ತಾಯ್ತಾ?" ಎಂದು ಕೇಳಿ, ನಿಲ್ಲದೆ ಮುಂದೆ ಹೋದರು. ಕಿಲಿಮಂಜಾರೋದಲ್ಲಿ ಗೈಡ್‌ಗಳು ದಿನವಿಡೀ ಹೇಳುವ ಮಾತು "ಪೊಲೆ ಪೊಲೆ". ಸ್ವಾಹಿಲಿಯಲ್ಲಿ ನಿಧಾನ, ನಿಧಾನ ಎಂದರ್ಥ. ಆ ಅಮ್ಮನ ಹೆಜ್ಜೆಯೇ ಅದು. ಚಾಮುಂಡಿಯನ್ನು ಇಪ್ಪತ್ತು ನಿಮಿಷದಲ್ಲಿ ಹತ್ತುವ ಹಟ ಬಿಡಿ. ಪಕ್ಕದವರ ಜೊತೆ ಮಾತಾಡಿಕೊಂಡು, ಎಲ್ಲೂ ಕೂರದೆ, ಐದು ಸುತ್ತು ಮುಗಿಸುವುದನ್ನು ಕಲಿಯಿರಿ.

ಬೆಂಗಳೂರಿನವರಿಗೆ ಇದರ ಬದಲಿಗೆ ನಂದಿಬೆಟ್ಟದ ಮೆಟ್ಟಿಲು ದಾರಿ. ಸುಲ್ತಾನಪೇಟೆ ಕಡೆಯಿಂದ ಹತ್ತುವುದು, ರಸ್ತೆ ಕಡೆಯಿಂದಲ್ಲ. ಏರು ಚಾಮುಂಡಿಗಿಂತ ಹೆಚ್ಚು, ನಾನ್ನೂರು ಐನೂರು ಮೀಟರಿನ ನಡುವೆ ಬರುತ್ತದೆ. ಮೂರು ಸಲ ಮಾಡಿದರೆ ಲೆಕ್ಕ ಸರಿ. ಹಳೇ ಕಲ್ಲು ಮೆಟ್ಟಿಲು, ಎತ್ತರ ಒಂದೇ ಸಮ ಇಲ್ಲ. ಅದು ಒಳ್ಳೆಯದೇ. ಬೆಟ್ಟದ ದಾರಿಯಲ್ಲೂ ಎರಡು ಹೆಜ್ಜೆ ಒಂದೇ ಥರ ಇರುವುದಿಲ್ಲವಲ್ಲ. ಬೆಂಗಳೂರಿನಿಂದ ಹೋಗಿ ಬರುವ ಸಮಯ ಹಿಡಿದರೆ ಮಾತ್ರ ವಾರ ವಾರ ಸ್ವಲ್ಪ ಕಷ್ಟ.

ಸಾವನದುರ್ಗ, ಶಿವಗಂಗೆ ಎರಡೂ ಬೇರೆ ಕೆಲಸಕ್ಕೆ ಬರುತ್ತವೆ. ಸಾವನದುರ್ಗ ಒಂದೇ ದೊಡ್ಡ ಬಂಡೆ, ತುದಿ 1,226 ಮೀಟರ್. ಅಲ್ಲಿ ಪಾದ ಪೂರ್ತಿ ಊರಿ, ಬಂಡೆಯ ಮೇಲೆ ನಂಬಿಕೆಯಿಟ್ಟು ನಡೆಯುವುದನ್ನು ಕಲಿಯುತ್ತೀರಿ. ಹಿಮ್ಮಡಿ, ಮೀನಖಂಡ ಎಳೆಯುವುದು ಗೊತ್ತಾಗುತ್ತದೆ. ಮಳೆಯಲ್ಲಿ ಮಾತ್ರ ಹೋಗಲೇಬೇಡಿ. ಪಾಚಿ ಹಿಡಿದ ಬಂಡೆ ತುಂಬ ಜಾರುತ್ತದೆ, ಅಲ್ಲಿ ಬಿದ್ದವರಿದ್ದಾರೆ. ಬೇಸಿಗೆಯಲ್ಲಿ ಒಂಬತ್ತು ಗಂಟೆಗೆಲ್ಲ ಬಂಡೆ ಕಾದ ಹೆಂಚಾಗಿರುತ್ತದೆ. ಶಿವಗಂಗೆಯ ಕೊನೆಯ ಭಾಗ ಕಡಿದಾಗಿದೆ. ಬಂಡೆಗೆ ಕೊರೆದ ಮೆಟ್ಟಿಲು, ಹಿಡಿಯಲು ಕಂಬಿ, ಪಕ್ಕದಲ್ಲಿ ಖಾಲಿ ಜಾಗ. ಎತ್ತರ ಕಂಡರೆ ಕಾಲು ನಡುಗುವವರು ಇಲ್ಲಿಗೆ ಎರಡು ಮೂರು ಸಲ ಹೋಗಿ ಬನ್ನಿ. ಕಿಲಿಮಂಜಾರೋದ ಬರಾಂಕೋ ಗೋಡೆಯಲ್ಲಿ ಕೈ ಕಾಲು ಎರಡೂ ಬಳಸಿ ಹತ್ತಬೇಕು. ಕಷ್ಟವೇನಲ್ಲ, ಹಗ್ಗವೂ ಬೇಡ. ಆದರೆ ಹೆದರಿಕೊಂಡವರಿಗೆ ಅದು ದೊಡ್ಡದಾಗಿ ಕಾಣುತ್ತದೆ. ಶಿವಗಂಗೆಯಲ್ಲಿ ಅಭ್ಯಾಸವಾಗಿದ್ದರೆ ಅಲ್ಲಿ ಎದೆ ಅಷ್ಟು ಹೊಡೆದುಕೊಳ್ಳುವುದಿಲ್ಲ.

ಸ್ಕಂದಗಿರಿ ಏರಿನಲ್ಲಿ ಸಾಧಾರಣ. ನಾನು ಅದನ್ನು ಪಟ್ಟಿಗೆ ಸೇರಿಸುವುದು ಒಂದೇ ಕಾರಣಕ್ಕೆ: ಬೆಳಕು ಹರಿಯುವ ಮುಂಚೆ, ಹೆಡ್‌ಟಾರ್ಚ್ ಬೆಳಕಲ್ಲಿ ಹತ್ತಬಹುದು. ಬೆಳಕಿನ ಆ ಸಣ್ಣ ವೃತ್ತದೊಳಗೇ ಹೆಜ್ಜೆ ಇಡುವುದು, ಮುಂದಿನವರ ಹಿಮ್ಮಡಿ ನೋಡುತ್ತಾ ನಡೆಯುವುದು, ನಿದ್ದೆಗೆಟ್ಟ ಹೊಟ್ಟೆಗೆ ಏನು ಸೇರುತ್ತದೆ ಏನು ಸೇರುವುದಿಲ್ಲ ಎಂದು ತಿಳಿಯುವುದು, ಇದೆಲ್ಲ ಶಿಖರದ ರಾತ್ರಿಗೆ ಬೇಕು. ಅರಣ್ಯ ಇಲಾಖೆಯಲ್ಲಿ ಬುಕ್ ಮಾಡಿಕೊಂಡು ಒಂದೆರಡು ಸಲ ಹೋದರೆ ಸಾಕು. ಅದನ್ನೇ ಪ್ರತಿ ವಾರದ ಬೆಟ್ಟ ಮಾಡಿಕೊಂಡಿದ್ದು ನನ್ನ ತಪ್ಪು. ಸೂರ್ಯೋದಯ ನೋಡಿ, ಅರ್ಧ ಗಂಟೆ ಕೂತು, ಆರಾಮಾಗಿ ಇಳಿದು ಬರುತ್ತಿದ್ದೆ. ತೊಡೆಗೆ ಕೆಲಸವೇ ಬೀಳುತ್ತಿರಲಿಲ್ಲ.

ಒಂದನ್ನೇ ಆರಿಸಿ ಎಂದರೆ ಮೆಟ್ಟಿಲು ಆರಿಸುತ್ತೇನೆ. ಚಾಮುಂಡಿ ಅಥವಾ ನಂದಿ, ಮನೆಗೆ ಯಾವುದು ಹತ್ತಿರವೋ ಅದು.

ತಿಂಗಳಿಗೊಂದು ದೊಡ್ಡ ಬೆಟ್ಟ: ಕುಮಾರ ಪರ್ವತವೋ, ಕುದುರೆಮುಖವೋ?

ಇಲ್ಲಿ ನನಗೆ ಅನುಮಾನವೇ ಇಲ್ಲ. ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ ಕುಮಾರ ಪರ್ವತ. ಕುಕ್ಕೆ ಇರುವುದು ಕಡಲಿನಿಂದ ನೂರು ನೂರಿಪ್ಪತ್ತು ಮೀಟರ್ ಎತ್ತರದಲ್ಲಿ. ತುದಿ 1,712 ಮೀಟರ್. ಅಂದರೆ ಸುಮಾರು 1,600 ಮೀಟರ್ ಏರು. ಶಿಖರದ ರಾತ್ರಿಗಿಂತ ಜಾಸ್ತಿ. ಒಂದು ಕಡೆಗೇ ಹದಿಮೂರು ಕಿ.ಮೀ. ಆಗುತ್ತದೆ. ಮೊದಲು ದಟ್ಟ ಕಾಡು, ಬೇರು, ಜಿಗಣೆ, ಬೆವರು. ಚಾರಣಿಗರಿಗೆ ಊಟ ಸಿಗುವ ಭಟ್ಟರ ಮನೆ ದಾಟಿದ ಮೇಲೆ ಹುಲ್ಲುಗಾವಲು, ತಲೆ ಮೇಲೆ ಬಿಸಿಲು, ಒಂದು ಗುಡ್ಡ ಮುಗಿಯಿತು ಎಂದರೆ ಅದರ ಹಿಂದೆ ಇನ್ನೊಂದು. ಕಲ್ಲು ಮಂಟಪ, ಶೇಷ ಪರ್ವತ, ಮತ್ತೆ ಸ್ವಲ್ಪ ಕಾಡು, ಬಂಡೆ, ಆಮೇಲೆ ತುದಿ. ಶೇಷ ಪರ್ವತದ ಮೇಲೆ ನಿಂತು ಎದುರಿಗೆ ಇನ್ನೂ ಒಂದು ಶಿಖರ ಕಂಡಾಗ ಮನಸ್ಸು ಕುಸಿಯುತ್ತದಲ್ಲ, ಆ ಅನುಭವ ಬಹಳ ಬೆಲೆಯದ್ದು. ಕಿಲಿಮಂಜಾರೋದಲ್ಲೂ ಸ್ಟೆಲ್ಲಾ ಪಾಯಿಂಟ್ ಎಂಬ ಜಾಗ ಇದೆ, 5,756 ಮೀಟರ್. ಅಲ್ಲಿಗೆ ಬಂದವರು ಮುಗಿಯಿತು ಎಂದು ಕೂರುತ್ತಾರೆ. ತುದಿ ಇನ್ನೂ ಮುಕ್ಕಾಲು ಗಂಟೆ, ಒಂದು ಗಂಟೆ ದೂರ.

ಸೋಮವಾರಪೇಟೆ ಕಡೆಯಿಂದ, ಬೀದಳ್ಳಿಯಿಂದ ಹತ್ತುವ ದಾರಿ ಚಿಕ್ಕದು. ಬುಡವೇ ಎತ್ತರದಲ್ಲಿರುವುದರಿಂದ ಏರು ಕಡಿಮೆ. ಮೊದಲ ಸಲಕ್ಕೆ ಅದು ಒಳ್ಳೆಯದು. ತರಬೇತಿಗೆ ಕುಕ್ಕೆ ಕಡೆಯೇ ಸರಿ. ಬೀದಳ್ಳಿಯಿಂದ ಹತ್ತಿ ಕುಕ್ಕೆಗೆ ಇಳಿಯುವುದು ಮೂರನೆಯ ದಾರಿ, ಮತ್ತು ನನ್ನ ಮಟ್ಟಿಗೆ ಎಲ್ಲಕ್ಕಿಂತ ಉತ್ತಮ ಪರೀಕ್ಷೆ. ಏರು ಕಡಿಮೆ, ಇಳಿತ 1,600 ಮೀಟರ್. ನಮಗೆ ಬೇಕಾದದ್ದೇ ಅದು. ಆ ದಾರಿಯ ಕೊನೆಯ ಎರಡು ಗಂಟೆ, ಭಟ್ಟರ ಮನೆಯಿಂದ ಕುಕ್ಕೆವರೆಗಿನ ಕಾಡು ಇಳಿತ, ನಿಮ್ಮ ಮೊಣಕಾಲಿನ ಬಗ್ಗೆ ಎಲ್ಲವನ್ನೂ ಹೇಳುತ್ತದೆ. ಯಾವ ದಾರಿಯಾದರೂ ಅರಣ್ಯ ಇಲಾಖೆಯ ಆನ್‌ಲೈನ್ ಟಿಕೆಟ್ ಬೇಕು. ಬೆಟ್ಟದ ಮೇಲೆ ಟೆಂಟ್ ಹಾಕಲು ಬಿಡುವುದಿಲ್ಲ. ಯಾವ ಗೇಟಿನಿಂದ ಹೋಗಿ ಯಾವುದರಿಂದ ಬರಬಹುದು, ಎಷ್ಟು ಗಂಟೆಯೊಳಗೆ ಇಳಿಯಬೇಕು ಎಂಬುದನ್ನು ಹೊರಡುವ ಮುಂಚೆ ಕೇಳಿಕೊಳ್ಳಿ. ನಿಯಮ ಬದಲಾಗುತ್ತಿರುತ್ತದೆ.

ಕುದುರೆಮುಖ ಇದಕ್ಕಿಂತ ಮೃದು. 1,894 ಮೀಟರ್ ಎತ್ತರದ ಶಿಖರ, ಮುಳ್ಳೋಡಿಯಿಂದ ಹೋಗಿ ಬರಲು ಸುಮಾರು 20 ಕಿ.ಮೀ. ದಿನಕ್ಕೆ ಇಂತಿಷ್ಟೇ ಜನ ಎಂಬ ಮಿತಿ ಇದೆ. ಏರು ಹಂತ ಹಂತವಾಗಿ ಬರುತ್ತದೆ, ನಡುವೆ ಹಳ್ಳ, ಶೋಲಾ ಕಾಡು, ಗಾಳಿ. ದಿನವಿಡೀ ಒಂದೇ ವೇಗದಲ್ಲಿ ನಡೆಯುವ ಅಭ್ಯಾಸಕ್ಕೆ ಇದು ಬಹಳ ಒಳ್ಳೆಯದು. ಕಿಲಿಮಂಜಾರೋದ ಮೊದಲ ನಾಲ್ಕು ದಿನ ಹೀಗೇ ಇರುತ್ತದೆ. ಹಾಗಾಗಿ ಮೊದಲ ತಿಂಗಳು ಕುದುರೆಮುಖ, ಆಮೇಲಿನ ತಿಂಗಳು ಕುಮಾರ ಪರ್ವತ ಎಂದಿಟ್ಟುಕೊಂಡರೆ ಸರಿಹೋಗುತ್ತದೆ. ಕಕ್ಕಬೆಯ ತಡಿಯಂಡಮೋಳ್ 1,748 ಮೀಟರ್. ಕೊಡಗಿನವರಿಗೆ ಹತ್ತಿರ ಎಂದರೆ ಹೋಗಿ, ಅರ್ಧ ದಿನದ ಕೆಲಸ. ಮುಳ್ಳಯ್ಯನಗಿರಿಗೆ ತುದಿಯ ಹತ್ತಿರದವರೆಗೂ ಗಾಡಿ ಹೋಗುತ್ತದೆ. ಸರ್ಪದಾರಿಯಲ್ಲಿ ನಡೆದರೂ ದೂರ ಕಡಿಮೆ. ಚೆಂದದ ಜಾಗ, ತರಬೇತಿಗೆ ಸಾಲದು.

ನೀವು ಹೋಗುವ ತಿಂಗಳು ಯಾವುದು?

ಕಿಲಿಮಂಜಾರೋಗೆ ಒಳ್ಳೆಯ ಕಾಲ ಎರಡು. ಜನವರಿ, ಫೆಬ್ರವರಿ ಒಂದು. ಜೂನ್ ಕೊನೆಯಿಂದ ಅಕ್ಟೋಬರ್‌ವರೆಗೆ ಇನ್ನೊಂದು. ಎರಡರಲ್ಲಿ ಯಾವುದು ಎಂಬುದರ ಮೇಲೆ ನಿಮ್ಮ ಇಲ್ಲಿನ ಬೆಟ್ಟಗಳು ತೀರ್ಮಾನವಾಗುತ್ತವೆ.

ಜನವರಿಗೆ ಹೊರಡುವವರಿಗೆ ಎಲ್ಲವೂ ಅನುಕೂಲ. ಮಳೆಗಾಲ ಮುಗಿದು ಘಟ್ಟದ ದಾರಿಗಳು ತೆರೆಯುತ್ತವೆ. ಅಕ್ಟೋಬರ್, ನವೆಂಬರ್, ಡಿಸೆಂಬರ್ ತಿಂಗಳಿಗೊಂದು ದೊಡ್ಡ ಬೆಟ್ಟ ಸಿಗುತ್ತದೆ. ಜುಲೈ, ಆಗಸ್ಟಿಗೆ ಹೋಗುವವರ ಕಷ್ಟವೇ ಬೇರೆ. ಬೇಸಿಗೆಯಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಘಟ್ಟದ ಚಾರಣ ದಾರಿಗಳನ್ನು ಮುಚ್ಚುತ್ತಾರೆ, ಜೂನ್ ಬಂದರೆ ಮಳೆ. ಆಗ ಮೆಟ್ಟಿಲೇ ಗತಿ. ಬೆಳಗ್ಗೆ ಐದೂವರೆ ಆರಕ್ಕೆ ಶುರು ಮಾಡಿ ಹತ್ತರೊಳಗೆ ಮುಗಿಸಿ. ಉಳಿದದ್ದನ್ನು ಮಾರನೇ ದಿನ ಮಾಡಿ. ಇದರಿಂದ ನಷ್ಟವಿಲ್ಲ. ಶನಿವಾರ ಮೂರು ಸುತ್ತು, ಭಾನುವಾರ ನೋವಿರುವ ಕಾಲಲ್ಲೇ ಮತ್ತೆ ಎರಡು ಸುತ್ತು. ಸುಸ್ತಾದ ಕಾಲಲ್ಲಿ ಮರುದಿನ ನಡೆಯುವುದೇ ಈ ಪ್ರವಾಸದ ಸ್ವಭಾವ.

ವಾರದ ದಿನಗಳಿಗೆ ಅಪಾರ್ಟ್‌ಮೆಂಟ್ ಮೆಟ್ಟಿಲು ಸಾಕು. ಒಂದು ಮಹಡಿಗೆ ಮೂರು ಮೀಟರ್ ಹಿಡಿಯಿರಿ. ಹತ್ತು ಮಹಡಿಯ ಕಟ್ಟಡವನ್ನು ಹತ್ತು ಸಲ ಹತ್ತಿದರೆ 300 ಮೀಟರ್. ಇಳಿಯುವಾಗ ಲಿಫ್ಟ್ ಬೇಡ.

ಹಿಮಾಲಯಕ್ಕೂ ಹೋಗಿ ಬರಬೇಕಾ?

ಇಲ್ಲಿಯವರೆಗೆ ಹೇಳಿದ ಯಾವ ಬೆಟ್ಟವೂ ಒಂದು ಕೆಲಸ ಮಾಡುವುದಿಲ್ಲ. ಎತ್ತರದ ಗಾಳಿಗೆ ಮೈಯನ್ನು ಒಗ್ಗಿಸುವುದಿಲ್ಲ. ದಕ್ಷಿಣ ಭಾರತದ ಅತಿ ಎತ್ತರದ ಆನೆಮುಡಿಯೇ 2,695 ಮೀಟರ್. ಉಹುರು ತುದಿಯಲ್ಲಿ ಗಾಳಿಯ ಒತ್ತಡ ಕಡಲ ತೀರದಲ್ಲಿ ಇರುವುದರ ಅರ್ಧದಷ್ಟು ಮಾತ್ರ. ಮ್ಯಾರಥಾನ್ ಓಡುವವರಿಗೂ ಅಲ್ಲಿ ತಲೆನೋವು, ವಾಂತಿ ಬರಬಹುದು. ಗಟ್ಟಿ ಕಾಲು ಇದ್ದರೆ ಎತ್ತರದ ಕಾಯಿಲೆ ಬರುವುದಿಲ್ಲ ಎಂಬುದು ತಪ್ಪು.

ಹಾಗಾದರೆ ಕೇದಾರಕಾಂತ, ಹಂಪ್ಟಾ ಪಾಸ್‌ಗೆ ಹೋಗಿ ಬಂದರೆ? ಕೇದಾರಕಾಂತ ಸುಮಾರು 3,800 ಮೀಟರ್, ಹಂಪ್ಟಾ 4,270 ಮೀಟರ್. ಆರು ತಿಂಗಳ ಮುಂಚೆ ಹೋಗಿ ಬಂದರೆ ಮೈ ಒಗ್ಗಿದ್ದು ಉಳಿಯುವುದಿಲ್ಲ. ಊರಿಗೆ ಬಂದ ಕೆಲವೇ ವಾರಗಳಲ್ಲಿ ಅದು ಹೋಗಿಬಿಡುತ್ತದೆ. ಉಳಿಯುವುದು ತಿಳಿವಳಿಕೆ. ನಿಮಗೆ ಎಷ್ಟು ಎತ್ತರದಲ್ಲಿ ತಲೆನೋವು ಶುರುವಾಗುತ್ತದೆ, ಊಟ ಯಾವಾಗ ಬೇಡವಾಗುತ್ತದೆ, ಸ್ಲೀಪಿಂಗ್ ಬ್ಯಾಗಿನಲ್ಲಿ ನಿದ್ದೆ ಬರುತ್ತದಾ? ಟೆಂಟಿನಲ್ಲಿ ಒಂದು ರಾತ್ರಿಯೂ ಕಳೆಯದವರಿಗೆ ಹಿಮಾಲಯದ ಒಂದು ಚಾರಣ ಖಂಡಿತ ಬೇಕು. ಈಗಾಗಲೇ ಹೋಗಿ ಬಂದವರಿಗೆ ಇನ್ನೊಂದರ ಅಗತ್ಯ ನನಗೆ ಕಾಣುವುದಿಲ್ಲ.

ಆ ದುಡ್ಡನ್ನು ಟಾಂಜಾನಿಯಾದಲ್ಲೇ ಖರ್ಚು ಮಾಡಿ ಎನ್ನುತ್ತೇನೆ. ಎರಡು ದಾರಿ ಇದೆ. ಒಂದು, ಐದು ದಿನದ ಮರಂಗು ದಾರಿಯ ಬದಲು ಎಂಟು ದಿನದ ಲೆಮೋಶೋ ತೆಗೆದುಕೊಳ್ಳುವುದು. ಮರಂಗುವಿನಲ್ಲಿ ಮಲಗಲು ಗುಡಿಸಲುಗಳಿವೆ, ಟೆಂಟ್ ಬೇಡ, ಖರ್ಚು ಕಡಿಮೆ. ಆದರೆ ಮೈಗೆ ಒಗ್ಗಲು ದಿನವೇ ಸಿಗುವುದಿಲ್ಲ. ಲೆಮೋಶೋದಲ್ಲಿ ಲಾವಾ ಟವರ್ ಹತ್ತಿರ 4,600 ಮೀಟರ್ ದಾಟಿ, ಅದೇ ಸಂಜೆ ನಾಲ್ಕು ಸಾವಿರಕ್ಕಿಂತ ಕೆಳಗೆ ಬಂದು ಮಲಗುತ್ತೀರಿ. ಹಗಲು ಮೇಲೆ ಹೋಗಿ ರಾತ್ರಿ ಕೆಳಗೆ ಮಲಗುವುದು ಮೈಗೆ ಸಿಗುವ ಅತ್ಯುತ್ತಮ ಅಭ್ಯಾಸ. ಇನ್ನೊಂದು, ಕಿಲಿಮಂಜಾರೋಗೆ ಹೊರಡುವ ಮುಂಚಿನ ವಾರ ಅಲ್ಲೇ ಪಕ್ಕದ ಮೇರು ಪರ್ವತ ಹತ್ತುವುದು. 4,560 ಮೀಟರಿಗೂ ಹೆಚ್ಚು ಎತ್ತರ, ಮೂರು ನಾಲ್ಕು ದಿನ. ಅರೂಷಾ ರಾಷ್ಟ್ರೀಯ ಉದ್ಯಾನದೊಳಗಿದೆ. ಕಾಡೆಮ್ಮೆಗಳು ಓಡಾಡುವ ಜಾಗವಾದ್ದರಿಂದ ಬಂದೂಕು ಹಿಡಿದ ರೇಂಜರ್ ಜೊತೆ ಬರುತ್ತಾರೆ. ರಜೆ, ದುಡ್ಡು ಎರಡೂ ಇದ್ದರೆ ಮೇರುವಿನಷ್ಟು ಒಳ್ಳೆಯ ತರಬೇತಿ ಚಾರಣ ಇನ್ನೊಂದಿಲ್ಲ, ಯಾಕೆಂದರೆ ಅಲ್ಲಿ ಒಗ್ಗಿದ ಮೈಯಲ್ಲೇ ನೇರ ಕಿಲಿಮಂಜಾರೋಗೆ ಹೋಗುತ್ತೀರಿ. ಎತ್ತರದ ಕಾಯಿಲೆ ತಡೆಯಲು ಕೊಡುವ ಡಯಾಮಾಕ್ಸ್ ಮಾತ್ರೆ ತಗೊಳ್ಳಬೇಕಾ ಎಂಬುದನ್ನು ನಿಮ್ಮ ಡಾಕ್ಟರನ್ನೇ ಕೇಳಿ. ಬಿಪಿ, ಸಕ್ಕರೆ ಕಾಯಿಲೆ ಇದ್ದರೆ ಬುಕ್ ಮಾಡುವ ಮುಂಚೆಯೇ ಕೇಳಿ.

ಬ್ಯಾಗು, ಶೂ

ಇಪ್ಪತ್ತು ಕೆ.ಜಿ. ಹೊತ್ತು ಅಭ್ಯಾಸ ಮಾಡುವವರನ್ನು ನೋಡಿದ್ದೇನೆ. ಇಲ್ಲಿ ಅದು ಬೇಡ. ದೊಡ್ಡ ಬ್ಯಾಗನ್ನು ಪೋರ್ಟರುಗಳು ಹೊರುತ್ತಾರೆ. ನಿಮ್ಮ ಬೆನ್ನ ಮೇಲೆ ಇರುವುದು ಮೂರು ಲೀಟರ್ ನೀರು, ಮಳೆ ಅಂಗಿ, ಬೆಚ್ಚಗಿನ ಜಾಕೆಟ್, ತಿಂಡಿ. ಎಲ್ಲ ಸೇರಿ ಆರೇಳು ಕೆ.ಜಿ. ಅಷ್ಟೇ ತೂಕ ಹೊತ್ತು ಅಭ್ಯಾಸ ಮಾಡಿ. ಮೊದಲ ತಿಂಗಳು ತೂಕಕ್ಕೆ ನೀರಿನ ಬಾಟಲಿ ತುಂಬಿಕೊಂಡು, ಮೇಲೆ ಹೋಗಿ ಸುರಿದು ಹಗುರವಾಗಿ ಇಳಿಯಿರಿ. ಮೊಣಕಾಲು ಗಟ್ಟಿಯಾದ ಮೇಲೆ ಸುರಿಯಬೇಡಿ.

ಶೂ ಅಲ್ಲಿಗೆ ಯಾವುದೋ ಇಲ್ಲಿಗೂ ಅದೇ. ಹೊಸ ಶೂ ಹಾಕಿಕೊಂಡು ವಿಮಾನ ಹತ್ತಬೇಡಿ. ನನ್ನ ಉಗುರು ಹೋಗಿದ್ದಕ್ಕೆ ಕಾರಣ ಹುಡುಕಿದಾಗ ಗೊತ್ತಾಗಿದ್ದು ಎರಡು. ಶೂ ಅರ್ಧ ಸೈಜ್ ಚಿಕ್ಕದಿತ್ತು. ಇಳಿಯುವ ಮುಂಚೆ ಲೇಸ್ ಬಿಗಿ ಮಾಡಿರಲಿಲ್ಲ. ಈಗ ಇಳಿತ ಶುರುವಾಗುವ ಜಾಗದಲ್ಲಿ ಒಂದು ಕಲ್ಲಿನ ಮೇಲೆ ಕೂತು, ಹಿಮ್ಮಡಿಯನ್ನು ಎರಡು ಸಲ ನೆಲಕ್ಕೆ ಗುದ್ದಿ ಪಾದವನ್ನು ಹಿಂದಕ್ಕೆ ಸರಿಸುತ್ತೇನೆ. ಆಮೇಲೆ ಕಣಕಾಲಿನ ಹತ್ತಿರ ಲೇಸ್ ಎಳೆದು ಗಂಟು ಹಾಕುತ್ತೇನೆ. ಬೆರಳು ಮುಂದೆ ಹೋಗುವುದಿಲ್ಲ. ಕಳೆದ ಸಲ ಕುಮಾರ ಪರ್ವತದಿಂದ ಕುಕ್ಕೆಗೆ ಹಾಗೇ ಇಳಿದೆ, ಹತ್ತೂ ಉಗುರು ಚೆನ್ನಾಗಿವೆ.

ಹೊರಡಲು ಎರಡು ವಾರ ಇದೆ ಎನ್ನುವಾಗ ದೊಡ್ಡ ಬೆಟ್ಟ ಬಿಟ್ಟುಬಿಡಿ. ಸಾವನದುರ್ಗವೂ ಬೇಡ, ಕಾಲು ಜಾರಿದರೆ ಇಷ್ಟು ದಿನದ ಶ್ರಮ ಹೋಗುತ್ತದೆ. ಆ ಎರಡು ಭಾನುವಾರ ಚಾಮುಂಡಿಗೆ ಹೋಗಿ. ಎರಡೇ ಸುತ್ತು. ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವ ಯಾರಾದರೂ ಸಿಕ್ಕರೆ, ಅವರನ್ನು ದಾಟಬೇಡಿ. ನಾಲ್ಕು ಮೆಟ್ಟಿಲು ಹಿಂದೆಯೇ ಇದ್ದು, ಅವರ ಜೊತೆಗೇ ಮೇಲಕ್ಕೆ ಹೋಗಿ.